ಹಾಲಿನಲ್ಲಿ ಅದ್ದಿದ ಕೈಗಳು

ಒರಳಿಗೆ ಸುರಿದ ಲಿಕ್ವಿಡ್ ನೈಟ್ರೋಜನ್ ಬಿಳಿ ಹೊಗೆಯಾಗಿ ಅಂಚಿನಿಂದ ಇಳಿದು ಮೇಜಿನ ಮೇಲೆ ಹರಡುತ್ತಿರುವಾಗಲೇ ಮಂದಾಕಿನಿ ಟೊಮೆಟೊ ಎಲೆಯನ್ನು ಅದರೊಳಗೆ ಹಾಕಿದಳು. ಎಲೆ ತಕ್ಷಣ ಗಾಜಿನಂತೆ ಗಡುಸಾಯಿತು. ಒತ್ತಿದರೆ ಚಟಚಟ ಒಡೆದು ಪುಡಿಯಾಯಿತು. ಅರೆಯಬೇಕು, ಆದರೆ ಕರಗಲು ಬಿಡಬಾರದು. ಹೊಗೆ ಇಳಿಯಿತು ಎನ್ನುವಾಗ ಮತ್ತಿಷ್ಟು ಸುರಿದು ಮತ್ತೆ ಅರೆಯಬೇಕು. ಈ ಕೆಲಸಕ್ಕೆ ತಾಳ್ಮೆಯ ಕೈ ಬೇಕು ಎಂದು ಹೊಸದಾಗಿ ಸೇರುವ ಹುಡುಗಿಯರಿಗೆ ಅವಳು ಹೇಳುವುದಿತ್ತು.

ಈ ಗಿಡದ ಎಲೆಯನ್ನು ಅವಳು ಅರೆಯುತ್ತಿರುವುದು ಮೂರನೆಯ ಸಲ. ಹಿಂದಿನ ಎರಡು ಸಲವೂ ವೈರಸ್ಸಿನ ಹೆಸರು ಒಂದೇ ಬಂದಿತ್ತು. ಆದರೂ ಮೇಲಧಿಕಾರಿ ರಘುರಾಮ ಅವರು, "ಇನ್ನೊಮ್ಮೆ ಮಾಡಿಬಿಡ್ರಿ, ಮನಸ್ಸಿಗೆ ಸಮಾಧಾನ" ಎಂದಿದ್ದರು. ಯಾರ ಮನಸ್ಸಿಗೆ ಎಂದು ಅವಳು ಕೇಳಿರಲಿಲ್ಲ.

ತರಕಾರಿ ಬೀಜದ ಆ ಕಂಪನಿಯ ಪ್ರಯೋಗಾಲಯ ಇದ್ದುದು ಅಹಮದಾಬಾದಿನ ಅಂಚಿನಲ್ಲಿ, ಬೋಪಾಲ್ ಬಡಾವಣೆಯ ಅಪಾರ್ಟ್‌ಮೆಂಟುಗಳು ಮುಗಿದು ಒಂದಿಷ್ಟು ಹೊಲ ಇನ್ನೂ ಉಳಿದುಕೊಂಡಿರುವ ಕಡೆ. ಬೀಜ ಬೆಳೆಯುವ ಬಲೆಮನೆಗಳು ಮಾತ್ರ ದೂರದಲ್ಲಿ, ವಡೋದರಾದ ಆಚೆ ಪಾದ್ರಾದ ಹತ್ತಿರ. ಅಲ್ಲಿ ಹೆಂಗಸರು ಬೆಳಗಿನ ಹೊತ್ತು ಒಂದೊಂದೇ ಟೊಮೆಟೊ ಹೂವನ್ನು ಚಿಮಟದಿಂದ ಬಿಡಿಸಿ, ಗಂಡುಭಾಗ ಕಿತ್ತು, ಬೇರೆ ಗಿಡದ ಪರಾಗವನ್ನು ಬೆರಳಿನಿಂದ ಮುಟ್ಟಿಸುತ್ತಾರೆ. ಒಂದು ಗಿಡದಿಂದ ಇನ್ನೊಂದಕ್ಕೆ ಕೈಯಲ್ಲಿ ರೋಗ ಹೋಗಬಾರದು ಎಂದು ಪ್ರತಿ ಸಾಲಿಗೂ ಮೊದಲು ಹಾಲಿನ ಪುಡಿ ಕಲಸಿದ ನೀರಿನಲ್ಲಿ ಕೈ ಅದ್ದಬೇಕು. ಹಾಲು ವೈರಸ್ಸನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಂಗಾಮಿನ ಮೊದಲಲ್ಲಿ ಪಾದ್ರಾಕ್ಕೆ ಹೋಗಿ ಅವರಿಗೆ ಇದನ್ನು ಕಲಿಸಿದವಳು ಮಂದಾಕಿನಿಯೇ. ಅವರ ಗುಂಪಿನ ಹಿರಿಯಳು ರೇವಾಬೆನ್ ಎಂಬವಳು ಬಕೆಟ್ಟಿನ ಮುಂದೆ ನಿಂತು ಕೈ ಮುಗಿದು, ನಂತರವೇ ಅದರೊಳಗೆ ಕೈ ಇಳಿಸಿದ್ದಳು.

ಗಿಡಗಳು ಕಾಯಿ ಕಚ್ಚುವ ಹೊತ್ತಿಗೆ ಎಲೆಗಳಲ್ಲಿ ತಿಳಿಹಸಿರು ಮಚ್ಚೆ ಎದ್ದಿತು. ಅಲ್ಲಿನ ಮ್ಯಾನೇಜರ್ ಎಲೆಯ ರಸವನ್ನು ಪರೀಕ್ಷೆಯ ಪಟ್ಟಿಗೆ ಹಾಕಿದ. ಎರಡು ಕೆಂಪು ಗೆರೆ ಮೂಡಿತು: ರೋಗ ಇದೆ. ಆಮೇಲೆ ಅವನಿಗೇನು ತೋಚಿತೋ, ರೇವಾಬೆನ್ ಹಲ್ಲಿಗೆ ತಿಕ್ಕಿಕೊಳ್ಳುವ ತಂಬಾಕಿನ ಪುಡಿಯ ಡಬ್ಬಿಯನ್ನು ಕಸಿದುಕೊಂಡು, ಅದರಿಂದ ಒಂದು ಚಿಟಿಕೆ ಕಲಸಿ ಇನ್ನೊಂದು ಪಟ್ಟಿಗೆ ಹಾಕಿದ. ಅದರಲ್ಲೂ ಎರಡು ಗೆರೆ. ರೋಗ ಬಂದದ್ದು ಈ ತಂಬಾಕಿನ ಕೈಯಿಂದಲೇ ಎಂದು ಆ ಪಟ್ಟಿಯನ್ನು ಎತ್ತಿ ಹಿಡಿದು ಎಲ್ಲ ಹೆಂಗಸರಿಗೂ ತೋರಿಸಿದನಂತೆ. ಬಲೆಮನೆಯ ಗಿಡಗಳನ್ನೆಲ್ಲ ಕಿತ್ತು ಸುಟ್ಟರು. ಇಡೀ ಗುಂಪಿನ ಕೆಲಸ ಹೋಯಿತು. ಇನ್ನೊಂದು ಊರಿನಿಂದ ಬೇರೆ ಹೆಂಗಸರು ಬಂದರು.

ಆದರೆ ಆ ಪಟ್ಟಿಗೆ ಗೊತ್ತಾಗುವುದು ಕುಲ ಮಾತ್ರ. ತಂಬಾಕಿನ ಮೊಸಾಯಿಕ್, ಟೊಮೆಟೊ ಮೊಸಾಯಿಕ್ ಎಂಬ ಎರಡು ವೈರಸ್ಸುಗಳು ಅಕ್ಕತಂಗಿಯರ ಹಾಗೆ. ಪಟ್ಟಿಯ ಕಣ್ಣಿಗೆ ಇಬ್ಬರ ಮುಖವೂ ಒಂದೇ. ಯಾರು ಯಾರೆಂದು ತಿಳಿಯಲು ಅವುಗಳ ಜೀನಿನ ಅಕ್ಷರಗಳನ್ನು ಸಾಲಾಗಿ ಓದಬೇಕು. ಮಂದಾಕಿನಿ ಓದಿಸಿದ್ದಳು.

"ಏನ್ ನಡಸೀರಿ, ಇನ್ನೂ ಅರಿಯೂದು ಮುಗದಿಲ್ಲೇನು?" ರಘುರಾಮ ಬಾಗಿಲಲ್ಲಿ ನಿಂತಿದ್ದರು. ಧಾರವಾಡದವರು. ಅವಳನ್ನು ಈ ಕೆಲಸಕ್ಕೆ ತೆಗೆದುಕೊಂಡವರು. ಅವಳಿಗೆ ಕಷ್ಟದ ದಿನಗಳು ಬಂದಾಗ ಏಕೆ ಏನು ಎಂದು ಕೇಳದೆ ರಜೆ ಕೊಟ್ಟವರು.

"ಆಯ್ತು ಸರ್. ಇದನ್ನು ಓದಿಸಿ ತರಲಿಕ್ಕೆ ಮುಂದಿನ ವಾರ ಆಗ್ತದೆ."

"ಅದರ ದಾರಿ ಕಾಯೂದು ಬ್ಯಾಡ್ರಿ. ಸೋಮವಾರ ವರದಿ ಹೋಗಬೇಕು." ಅವರು ಸ್ಟೂಲ್ ಎಳೆದುಕೊಂಡು ಕುಳಿತರು. "ಟೊಮೆಟೊ ಮೊಸಾಯಿಕ್ಕs ಅಂತೀರಿ?"

"ಹೌದು ಸರ್. ನಾವು ಬಿತ್ತಲು ಕಳಿಸಿದ ತಾಯಿಬೀಜ ಉಳಿದಿತ್ತಲ್ಲ, ಅದರ ಸಿಪ್ಪೆಯಲ್ಲೂ ಅದೇ ಸಿಕ್ಕಿದೆ. ಒಂದಕ್ಷರ ವ್ಯತ್ಯಾಸ ಇಲ್ಲ."

"ಆ ಹೆಣ್ಮಗಳ ಡಬ್ಬಿಯೊಳಗ?"

"ಅದರಲ್ಲಿ ತಂಬಾಕಿನದ್ದುಂಟು. ಅಂಗಡಿಯಲ್ಲಿ ಯಾವ ಡಬ್ಬಿ ತೆಗೆದರೂ ಇದ್ದೀತು. ಗಿಡದಲ್ಲಿ ಅದು ಇಲ್ಲವೇ ಇಲ್ಲ."

ರಘುರಾಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ಈ ಸಲ ತಾಯಿಬೀಜ ಬಿತ್ತುವ ಮೊದಲು ಪರೀಕ್ಷೆಗೆ ನನ್ನ ಮೇಜಿಗೆ ಬರಲೇ ಇಲ್ಲ" ಎಂದಳು ಮಂದಾಕಿನಿ.

"ಬಿತ್ತನಿ ತಡಾ ಆಗಿತ್ತು. ನಾನs ಕಳಸಿಬಿಡ್ರಿ ಅಂದೆ. ನಿಮಗೇನು ಗೊತ್ತಿಲ್ಲದ್ದಲ್ಲ." ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. "ಹೋದ ವರ್ಷ ಇದೇ ತಾಯಿಬೀಜದಿಂದ ತಗದ ಹೈಬ್ರಿಡ್ ಸೂರತ್ ಕಡೆ ಹೋಗೇದ. ಬೀಜದಾಗ ಅದ ಅಂತ ನೀವು ಬರದ್ರ ಅದು ಪಾದ್ರಾದಾಗ ನಿಲ್ಲೂದಿಲ್ಲ. ಅದಕ್ಕ ಟೊಬಾಮೊ ಗುಂಪಿನ ವೈರಸ್ ಅಂತ ಬರೀರಿ. ಎರಡೂ ಅದೇ ಗುಂಪಿನವು ಹೌದಲ್ಲೋ?"

"ಓದಿದವರು ತಂಬಾಕಿನದ್ದೇ ಅಂದುಕೊಳ್ತಾರೆ."

"ಅಂದ್ಕೊಳ್ಳೂದು ಅವರ ಕೆಲಸ. ನಾ ನಿಮಗ ಸುಳ್ಳ ಬರೀರಿ ಅನ್ನಾಕತ್ತಿಲ್ಲ. ಕಡಿಮಿ ಬರೀರಿ ಅನ್ನಾಕತ್ತೀನಿ."

"ರೇವಾಬೆನ್?"

"ಆಕಿ ಹಾಲಿನಾಗ ಸರಿಯಾಗಿ ಕೈ ಅದ್ದಿಸೂದಿಲ್ಲಂತ ಮ್ಯಾನೇಜರ್ ಮೊದಲಿಂದನs ಹೇಳ್ತಾನ. ಗಿಡದಿಂದ ಗಿಡಕ್ಕ ಒಯ್ದದ್ದು ಆ ಕೈನೇ ಅಲ್ಲೇನು?"

"ಒಯ್ದದ್ದು ಕೈ ಇರಬಹುದು ಸರ್. ತಂದದ್ದು ಕೈ ಅಲ್ಲ."

ಅವರು ಎದ್ದರು. ಬಾಗಿಲಿನವರೆಗೆ ಹೋಗಿ ತಿರುಗಿ, "ಊರಿಗೆ ಹೊಂಟೀರಿ ಹೌದಲ್ಲೋ? ಉಮಾಕಾಂತರಿಗೆ ನಮಸ್ಕಾರ ಹೇಳ್ರಿ" ಎಂದರು. ಊರೆಂದರೆ ಸೂರತ್; ಗಂಡ ಉಮಾಕಾಂತನ ಹೋಟೆಲು, ಮನೆ ಎರಡೂ ಅಲ್ಲಿ. ಒರಳಿನ ಪುಡಿ ಅಷ್ಟರಲ್ಲಿ ಕರಗಿ ಹಸಿರು ಅಂಟಾಗಿತ್ತು. ಅವಳು ಅದನ್ನು ಚೆಲ್ಲಿದಳು.

ಕಡಿಮೆ ಹೇಳುವುದು ಮಂದಾಕಿನಿಗೆ ಹೊಸತಲ್ಲ. ಶನಿವಾರ ಬೆಳಿಗ್ಗೆ ಟ್ರೈನಿನ ಕಿಟಕಿಗೆ ತಲೆಯಾನಿಸಿ ಕುಳಿತಾಗ ಅವಳಿಗೆ ನೆನಪಾದದ್ದು ಅದೇ.

ಮದುವೆಯಾಗಿ ಉಡುಪಿಯಿಂದ ಬಂದ ಮೊದಲ ವರ್ಷಗಳಲ್ಲಿ ಎರಡು ಬಸಿರು ನಿಲ್ಲಲಿಲ್ಲ. ಆಗಲೂ ಒಂದು ಪಟ್ಟಿ, ಅದರಲ್ಲಿ ಎರಡು ಗೆರೆ. ಕೆಲವು ವಾರಗಳ ಸಂತೋಷ. ಆಮೇಲೆ ಆಸ್ಪತ್ರೆಯ ಹಸಿರು ಪರದೆ. ಮೂರನೆಯದು ಏಳು ತಿಂಗಳವರೆಗೆ ಬಂದು ಹೊಟ್ಟೆಯಲ್ಲೇ ತಣ್ಣಗಾಯಿತು. ಅತ್ತೆ ಸರಸ್ವತಿ ಅಂದರು, "ದಿನಾ ಆ ಮದ್ದು ಮುಟ್ಟುವ ಕೈ. ಮತ್ತೆಂತ ಆಗ್ತದೆ?" ವಡೋದರಾದ ಒಬ್ಬ ವೈದ್ಯೆ ಗಂಡಹೆಂಡಿರಿಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದಳು. ಉಮಾಕಾಂತನ ಕ್ರೋಮೋಸೋಮುಗಳಲ್ಲಿ ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡಿತ್ತು. ಅವನಿಗೆ ಅದರಿಂದ ಏನೂ ತೊಂದರೆಯಿಲ್ಲ. ಹುಟ್ಟಬೇಕಾದ ಮಗುವಿಗೆ ಮಾತ್ರ. ಯಾರ ತಪ್ಪೂ ಅಲ್ಲ ಎಂದು ವೈದ್ಯೆ ಹೇಳಿದಳು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಉಮಾಕಾಂತ ಅವಳ ಕೈ ಹಿಡಿದುಕೊಂಡು, "ಅಮ್ಮನಿಗೆ ಇಷ್ಟೆಲ್ಲ ಬೇಡ. ಡಾಕ್ಟ್ರಿಗೆ ಕಾರಣ ಗೊತ್ತಾಗ್ಲಿಲ್ಲ ಅಂತ ಹೇಳುವ" ಎಂದ. ಅವಳಿಗೆ ಪಾಪ ಅನ್ನಿಸಿತು. ಹಾಗೆಯೇ ಹೇಳಿದರು. ಸುಳ್ಳು ಎನ್ನುವಂಥದ್ದೇನೂ ಇರಲಿಲ್ಲ, ಕಡಿಮೆ ಹೇಳಿದ್ದರು ಅಷ್ಟೆ. ಆ ಕಡಿಮೆಯ ಜಾಗದಲ್ಲಿ ಅಂದಿನಿಂದ ಅವಳ ಕೈಗಳೇ ಕುಳಿತಿದ್ದವು.

ಸೂರತ್‌ವರೆಗೆ ಟಿಕೆಟ್ ಇದ್ದರೂ ವಡೋದರಾದಲ್ಲಿ ಅವಳು ಇಳಿದಳು. ಇಳಿಯಬೇಕೆಂದು ಮೊದಲೇ ಅಂದುಕೊಂಡಿರಲಿಲ್ಲ.

ಪಾದ್ರಾದ ಬಸ್ಸು, ಅಲ್ಲಿಂದ ಶೇರ್ ಆಟೋ. ರೇವಾಬೆನ್ ಮನೆಯ ಜಗುಲಿಯಲ್ಲಿ ಕುಳಿತಿದ್ದಳು, ಸೀರೆಯ ಸೆರಗಿನೊಳಗೆ ಎರಡೂ ಕೈಗಳನ್ನು ಅಡಗಿಸಿಕೊಂಡು, ಚಳಿಯಾದವರಂತೆ. ಅಂಗಳದ ಅಂಚಿನಲ್ಲಿ ನಾಲ್ಕು ಬದನೆ ಗಿಡ ಬಾಡಿ ನಿಂತಿದ್ದವು. ಮಂದಾಕಿನಿಯನ್ನು ನೋಡಿ ಅವಳು ಏಳಹೋದಳು.

"ಕುಳಿತುಕೊಳ್ಳಿ ಬೆನ್" ಎಂದಳು ಮಂದಾಕಿನಿ, ಇಷ್ಟು ವರ್ಷದಲ್ಲಿ ಕಲಿತ ತನ್ನ ಕುಂಟು ಗುಜರಾತಿಯಲ್ಲಿ. "ಗಿಡಕ್ಕೆ ನೀರು ಹಾಕುವುದಿಲ್ಲವೆ?"

"ಸೊಸೆ ಮರೆಯುತ್ತಾಳೆ. ನಾನು ಮುಟ್ಟುವುದಿಲ್ಲ." ರೇವಾಬೆನ್ ನಕ್ಕಳು. ಒಸಡು ಕಪ್ಪಾಗಿತ್ತು. "ನನಗೆ ಹೊಸ ಹೆಸರು ಬಂದಿದೆ, ಗೊತ್ತೇ? ತಂಬಾಕು ರಾಣಿ. ನೀರಿಗೆ ಹೋದರೆ ಹುಡುಗಿಯರು ದಾರಿ ಬಿಡುತ್ತಾರೆ, ಬನ್ನಿ ರಾಣಿಸಾಹೇಬ ಅಂತ."

"ಡಬ್ಬಿ?"

"ಕೆರೆಗೆ ಎಸೆದೆ. ಎಸೆದರೇನಾಯಿತು? ಹೋದ ವಾರ ಮೈದುನನ ಮನೆಯಲ್ಲಿ ಸೀಮಂತ. ರೊಟ್ಟಿ ಹಿಟ್ಟು ಕಲಸಲು ಕುಳಿತೆ. ಮೈದುನನ ಹೆಂಡತಿ ಬಂದು ಹಿಟ್ಟಿನ ಪರಾತವನ್ನು ನನ್ನ ಮುಂದಿನಿಂದ ಮೆತ್ತಗೆ ಎಳೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ."

ಒಳಗಿನಿಂದ ಒಂದು ಸಣ್ಣ ಮಗು ತೆವಳಿಕೊಂಡು ಬಂದು ಅವಳ ಮಂಡಿ ಹಿಡಿಯಿತು. ರೇವಾಬೆನ್ ಸೆರಗಿನಿಂದ ಕೈ ತೆಗೆಯದೆ ಮೊಣಕೈಯಿಂದಲೇ ಅದನ್ನು ಪಕ್ಕಕ್ಕೆ ಸರಿಸಿದಳು.

"ಬೆನ್, ಈ ರೋಗ ಮಕ್ಕಳಿಗೆ ಬರುತ್ತದೆಯೇ?" ಎಂದು ಕೇಳಿದಳು.

"ಇಲ್ಲ. ಮನುಷ್ಯರಿಗೆ ಬರುವುದೇ ಇಲ್ಲ. ಗಿಡಕ್ಕೆ ಮಾತ್ರ. ಎತ್ತಿಕೊಳ್ಳಿ ಮಗುವನ್ನು."

ರೇವಾಬೆನ್ ಎತ್ತಿಕೊಳ್ಳಲಿಲ್ಲ. ಸೊಸೆ ಬಂದು ಮಗುವನ್ನು ಒಳಗೆ ಒಯ್ದಳು. ಅವಳು ಹೋದಮೇಲೆ ರೇವಾಬೆನ್ ದನಿ ತಗ್ಗಿಸಿದಳು.

"ತಂಬಾಕು ಅನ್ನುತ್ತಾರೆ ಎಲ್ಲರೂ. ನನಗೆ ಗೊತ್ತು, ತಂಬಾಕಲ್ಲ. ಹಾಲು." ಅವಳು ಮಂದಾಕಿನಿಯ ಮುಖ ನೋಡಲಿಲ್ಲ. "ನೀವು ಕಲಿಸಿದಿರಿ, ಒಂದು ಬಕೆಟ್ಟಿಗೆ ಇಷ್ಟು ಪುಡಿ ಅಂತ. ನಾನು ಅರ್ಧವೇ ಹಾಕುತ್ತಿದ್ದೆ. ಸಂಜೆ ಆ ಹಾಲನ್ನು ಮೋರಿಗೆ ಚೆಲ್ಲಬೇಕು. ನಮ್ಮ ಕೈಯಿಂದಲೇ. ಮನೆಯಲ್ಲಿ ಮಗುವಿಗೆ ಹಾಲಿಲ್ಲ, ಅಲ್ಲಿ ನಾವು ಹಾಲಿನಲ್ಲಿ ಕೈ ತೊಳೆಯುತ್ತೇವೆ. ಉಳಿಸಿದ ಪುಡಿಯನ್ನು ಸೆರಗಿನಲ್ಲಿ ಕಟ್ಟಿ ತರುತ್ತಿದ್ದೆ. ನನಗೊಬ್ಬಳಿಗೇ ಅಲ್ಲ. ಎಳೆಮಕ್ಕಳಿರುವ ಎಲ್ಲ ಮನೆಗೂ ಹಂಚಿದೆ."

"ಅವರು ಯಾರೂ ಹೇಳಲಿಲ್ಲವೇ?"

"ಹೇಳುತ್ತಾರೆಯೇ? ಹೇಳಿದರೆ ಅವರ ಮಕ್ಕಳು ಕುಡಿದ ಹಾಲೂ ಹೊರಗೆ ಬರುತ್ತದಲ್ಲ. ತಂಬಾಕಾದರೆ ನನ್ನೊಬ್ಬಳದು." ಈಗ ಅವಳು ಕೈಗಳನ್ನು ಹೊರತೆಗೆದಳು. ಬಟ್ಟೆಸೋಡಾದಲ್ಲಿ ಉಜ್ಜಿ ಉಜ್ಜಿ ಚರ್ಮ ಸುಲಿದಿತ್ತು, ಗೆಣ್ಣುಗಳಲ್ಲಿ ಬಿರುಕು. "ನಿಮ್ಮ ಯಂತ್ರ ಏನು ಹೇಳಿತು? ನಾನೇ ಅಲ್ಲವೇ ಕೊಂದದ್ದು?"

ಮಂದಾಕಿನಿ ಬಾಯಿ ತೆರೆದಳು. ಬೀಜ ಎಂಬ ಒಂದು ಶಬ್ದ ಸಾಕಿತ್ತು. ಅದು ಗುಜರಾತಿಯಲ್ಲೂ ಅದೇ ಶಬ್ದ, ಹುಡುಕಬೇಕಾಗಿರಲಿಲ್ಲ. ರಘುರಾಮರ ಕನ್ನಡಕ ಕಣ್ಣಮುಂದೆ ಬಂತು, ಸೋಮವಾರ ಬಂತು.

"ವರದಿ ಇನ್ನೂ ಆಗಿಲ್ಲ" ಎಂದಳು.

ರೇವಾಬೆನ್ ತಲೆಯಾಡಿಸಿದಳು, ಉತ್ತರ ಸಿಕ್ಕಿತು ಎಂಬಂತೆ. ಕೈಗಳು ಮತ್ತೆ ಸೆರಗಿನೊಳಗೆ ಹೋದವು.

ಸೊಸೆ ಚಹಾ ತಂದಿಟ್ಟಳು. ಮಂದಾಕಿನಿ ಲೋಟ ಎತ್ತಿಕೊಳ್ಳಲು ಒಂದು ಗಳಿಗೆ ತಡವಾದದ್ದಕ್ಕೆ ರೇವಾಬೆನ್ ಹೇಳಿದಳು, "ಕುಡಿಯಿರಿ ಬೆನ್. ನಾನು ಮುಟ್ಟಿಲ್ಲ."

ಮಂದಾಕಿನಿ ಕುಡಿದಳು.

ಸೂರತ್ತಿನ ಉಧ್ನಾದಲ್ಲಿ ಉಮಾಕಾಂತನ ಹೋಟೆಲಿನ ಎದುರು ಬಟ್ಟೆ ಮಿಲ್ಲುಗಳ ಸದ್ದು ನಿಲ್ಲುವುದೇ ಇಲ್ಲ. ಅವಳು ತಲುಪಿದಾಗ ಊಟದ ಗಿರಾಕಿಗಳು ಕರಗಿದ್ದರು. ಮಹಡಿಯ ಮೇಲಿನ ಮನೆಗೆ ಅಡುಗೆಮನೆಯ ಹಿಂದಿನಿಂದಲೇ ಮೆಟ್ಟಿಲು. ಅಲ್ಲಿ ಅಡುಗೆಯ ಸೀತಾರಾಮ ಸಂಜೆಯ ಸಾರಿಗೆ ಟೊಮೆಟೊ ಹೆಚ್ಚುತ್ತ, ತನ್ನಷ್ಟಕ್ಕೆ ಬೈಯುತ್ತ ಕುಳಿತಿದ್ದ.

"ಅಕ್ಕ, ನೀವು ಗಿಡದ ಡಾಕ್ಟ್ರಲ್ವಾ, ಇದೊಂದು ನೋಡಿ ಮಾರಾಯ್ರೆ." ಅವನು ಒಂದು ಹಣ್ಣನ್ನು ಎರಡು ಹೋಳು ಮಾಡಿ ಚಾಚಿದ. ಹೊರಗಿನ ಸಿಪ್ಪೆ ಒಂದಿಷ್ಟು ಹಳದಿ ಮಚ್ಚೆ ಬಿಟ್ಟರೆ ನುಣುಪಾಗಿಯೇ ಇತ್ತು. ಒಳಗೆ ತಿರುಳಿನ ಗೋಡೆಯುದ್ದಕ್ಕೂ ಕಂದು ಬಣ್ಣ. "ಹೊರಗೆ ಮದುಮಗಳು, ಒಳಗೆ ಅಜ್ಜಿ. ಕ್ರೇಟು ಪೂರ್ತಿ ಹೀಗೆಯೇ. ಸಾಹುಕಾರರು ನನಗೆ ಬೈತಾರೆ, ನೀನು ನೋಡಿ ತರುವುದಿಲ್ಲ ಅಂತ. ನಾನೇನು ಹೊಟ್ಟೆ ಸೀಳಿ ನೋಡಿ ತರ್ಲಿಕ್ಕಾಗ್ತದಾ?"

"ಎಲ್ಲಿಯದ್ದು ಇದು?"

"ಇಲ್ಲೇ ಹತ್ತಿರ, ಓಲ್ಪಾಡ್ ಕಡೆಯದ್ದಂತೆ. ಬೆಳೆದವ ಮಂಡಿಯಲ್ಲೇ ಕೂತು ಅಳ್ತಾ ಇದ್ದ. ಬೀಜದ ಅಂಗಡಿಯವ ಹೇಳಿದನಂತೆ, ನಿನ್ನ ಆಳುಗಳು ಬೀಡಿ ಸೇದಿ ಗಿಡ ಮುಟ್ಟಿದ್ದಾರೆ ಅಂತ. ಬೀಡಿ ಸೇದದ ಆಳು ಎಲ್ಲಿ ಸಿಗ್ತಾನೆ ಹೇಳಿ!"

ಮಂದಾಕಿನಿ ಕ್ರೇಟಿನಿಂದ ಹೆಚ್ಚದ ಒಂದು ಹಣ್ಣು ತೆಗೆದುಕೊಂಡಳು. "ಇದೊಂದು ನನಗಿರಲಿ."

"ಒಂದೇಕೆ ಅಕ್ಕ, ಎಲ್ಲ ತಗೊಳ್ಳಿ."

ಮೇಲೆ ಅತ್ತೆ ಅವಳಿಗಾಗಿ ಕಾದಿದ್ದರು. ಎಂಬತ್ತು ದಾಟಿದ ಜೀವ. ಕಣ್ಣು ಮಂಜು, ಕಿವಿ ಮಾತ್ರ ಚುರುಕು. "ಬಂದೆಯಾ? ಎಂತ ಇಷ್ಟು ತಡ? ಗಂಜಿ ಉಂಟು, ಬಡಿಸಿಕೊ." ಉಮಾಕಾಂತನೂ ಕೆಳಗಿನಿಂದ ಬಂದು ಊಟಕ್ಕೆ ಕುಳಿತ. ಮಂದಾಕಿನಿ ಗಂಜಿ ಬಡಿಸಿ, ಮಿಡಿ ಉಪ್ಪಿನಕಾಯಿಯ ಭರಣಿಯ ಕಡೆ ಕೈ ಚಾಚಿದ್ದಳಷ್ಟೆ. ಪಿಂಗಾಣಿಗೆ ಬಳೆ ತಾಗಿದ ಸದ್ದು ಅತ್ತೆಗೆ ಕೇಳಿಸಿತು.

"ನೀನು ಬೇಡ. ಉಮಾಕಾಂತ ತೆಗೀಲಿ. ಆ ಮದ್ದಿನ ಕೈ ತಾಗಿದ್ರೆ ಬೂಸು ಬರ್ತದೆ."

ಅದರಲ್ಲಿ ಕೋಪವಿರಲಿಲ್ಲ. ಎಷ್ಟೋ ವರ್ಷಗಳಿಂದ, ಬಾಗಿಲು ಹಾಕು ಎನ್ನುವ ಹಾಗೆ ಹೇಳುತ್ತ ಬಂದ ಮಾತು. ಉಮಾಕಾಂತ ಎದ್ದು ಮರದ ಸೌಟಿನಿಂದ ಎರಡು ಮಿಡಿ ತೆಗೆದು, ಒಂದನ್ನು ಅವಳ ತಟ್ಟೆಗೆ ಹಾಕಿದ. ಹಾಕುವಾಗ ಅವಳ ಮುಖ ನೋಡಲಿಲ್ಲ. ಯಾವತ್ತೂ ನೋಡುವುದಿಲ್ಲ. ಆ ಹೊತ್ತಿಗೆ ಅವನ ಕಿವಿ ಸ್ವಲ್ಪ ಕೆಂಪಾಗುವುದು ಮಾತ್ರ ಅವಳಿಗೆ ಗೊತ್ತು. ಅವನು ಒಳ್ಳೆಯವನು. ರಘುರಾಮರೂ ಒಳ್ಳೆಯವರು.

ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಸೆರಗಿನೊಳಗೆ. ಹಾಗೆ ಮಾಡಿದ್ದು ಗಮನಕ್ಕೆ ಬಂದದ್ದು ಆಮೇಲೆ. ಬೆಳಿಗ್ಗೆ ಜಗುಲಿಯಲ್ಲಿ ಕಂಡದ್ದೂ ಇದನ್ನೇ. ತನಗೆ ಇದು ಎಂದಿನಿಂದ ಅಭ್ಯಾಸವಾಯಿತೋ ನೆನಪಿಗೆ ಬರಲಿಲ್ಲ.

ತನಗಾದರೋ ನಿಜ ಗೊತ್ತಿತ್ತು. ಭರಣಿ ಮುಟ್ಟಬೇಡ ಎಂದಾಗಲೆಲ್ಲ ಒಳಗೊಳಗೆ ಹೇಳಿಕೊಳ್ಳಲು ಒಂದು ಮಾತಾದರೂ ಇತ್ತು. ಅಷ್ಟಿದ್ದೂ ಕೈ ಅಡಗಿಕೊಂಡಿತು. ರೇವಾಬೆನ್‌ಗೆ ಅದೂ ಇಲ್ಲ. ಅವಳು ತಾನೇ ಕೊಂದೆ ಎಂದು ನಂಬಿಕೊಂಡು ಸಾಯುತ್ತಾಳೆ. ಮೊಮ್ಮಗುವನ್ನು ಮೊಣಕೈಯಿಂದ ಸರಿಸುತ್ತ.

ಊಟದ ತಟ್ಟೆಗಳನ್ನು ತೊಳೆಯುತ್ತ ಮಂದಾಕಿನಿ ತೀರ್ಮಾನಿಸಿದಳು. ವರದಿಯಲ್ಲಿ ವೈರಸ್ಸಿನ ಪೂರ್ತಿ ಹೆಸರು ಬರೆಯುವುದು, ಅದು ತಾಯಿಬೀಜದಲ್ಲೇ ಇತ್ತು ಎಂದು ಬರೆಯುವುದು. ಬೀಜ ಪರೀಕ್ಷಿಸುವ ಸರ್ಕಾರಿ ಇಲಾಖೆಗೂ ಒಂದು ಪ್ರತಿ ಕಳಿಸುವುದು. ಓಲ್ಪಾಡಿನ ಈ ಹಣ್ಣನ್ನೂ ಅರೆದು ಓದಿಸುವುದು. ಅದು ಬೇರೆಯದೇ ಹೆಸರು ಹೇಳಿದರೆ ಹೇಳಲಿ. ಆದರೆ ಇದೆಲ್ಲಕ್ಕೂ ಮೊದಲು ನಾಳೆ ವಡೋದರಾದಲ್ಲಿ ಇಳಿಯುವುದು. ಕಾಗದಕ್ಕಿಂತ ಮೊದಲು ಆ ಜಗುಲಿಯಲ್ಲಿ ಕುಳಿತು ಹೇಳಬೇಕು, ಅರ್ಧ ಹಾಲಿನ ವಿಷಯವನ್ನೂ ಮುಚ್ಚದೆ: ನಿನ್ನ ಕೈ ಹರಡಿರಬಹುದು ಬೆನ್, ತಂದದ್ದು ನೀನಲ್ಲ.

ಹೇಳಿದ ಮಾತ್ರಕ್ಕೆ ಅವಳಿಗೆ ಕೆಲಸ ಮರಳಿ ಸಿಗುವುದಿಲ್ಲ. ತಂಬಾಕು ರಾಣಿ ಎನ್ನುವವರು ಅನ್ನುತ್ತಲೇ ಇರುತ್ತಾರೆ. ಪ್ರಯೋಗಾಲಯದ ತನ್ನ ಮೇಜಿನಲ್ಲಿ ಮುಂದಿನ ತಿಂಗಳು ಬೇರೆ ಯಾರಾದರೂ ಇರಬಹುದು. ರಘುರಾಮರ ಹೆಂಡತಿ ಮಂದಾಕಿನಿಯ ಮಗುವಿಲ್ಲದ ಬಾಣಂತನಕ್ಕೆ ಜೋಳದ ಗಂಜಿ ತಂದುಕೊಟ್ಟಿದ್ದರು. ಅವರ ಮುಖ ಇನ್ನು ನೋಡುವುದು ಹೇಗೋ ಗೊತ್ತಿಲ್ಲ. ಅತ್ತೆಗೆ ಹೇಳಬೇಕೋ ಬೇಡವೋ ಎಂಬುದನ್ನು ಅವಳು ತೀರ್ಮಾನಿಸಲಿಲ್ಲ. ಮಂಜುಗಣ್ಣಿನ ಆ ಜೀವದ ಮುಂದೆ ಮಗನ ರಕ್ತವನ್ನು ಈಗ ತೆರೆದಿಟ್ಟು ಆಗಬೇಕಾದ್ದು ಏನು ಎಂಬುದೂ ಅವಳಿಗೆ ಹೊಳೆಯಲಿಲ್ಲ.

ಟೊಮೆಟೊ ಹಣ್ಣನ್ನು ಕಾಗದದಲ್ಲಿ ಸುತ್ತಿ ಸ್ಟೀಲ್ ಡಬ್ಬಿಯೊಳಗಿಟ್ಟು ಚೀಲಕ್ಕೆ ಹಾಕಿದಳು. ಉಮಾಕಾಂತ ಬಾಗಿಲಲ್ಲಿ ನಿಂತು ಟವೆಲಿನಿಂದ ಕೈ ಒರೆಸಿಕೊಳ್ಳುತ್ತಿದ್ದ.

"ನಾಳೆ ಸಂಜೆಯ ಗಾಡಿಗೆ ಅಲ್ವಾ? ಸ್ಟೇಷನ್ನಿಗೆ ನಾನೇ ಬಿಡ್ತೇನೆ."

"ಇಲ್ಲ, ಬೆಳಿಗ್ಗೆಯದ್ದಕ್ಕೆ ಹೋಗ್ತೇನೆ."

"ಎಂತ, ಭಾನುವಾರವೂ ಕೆಲಸವಾ?"

"ಹೂಂ. ಸ್ವಲ್ಪ ಉಂಟು."

ಅವನು ಇನ್ನೇನಾದರೂ ಕೇಳುತ್ತಾನೋ ಎಂದು ಅವಳು ಒಂದು ಕ್ಷಣ ಕಾದಳು. ಅವನು ಟವೆಲನ್ನು ಹಗ್ಗಕ್ಕೆ ಹಾಕಿ ಕೆಳಗಿಳಿದು ಹೋದ. ಒಳಗಿನಿಂದ ಅತ್ತೆ ಕೂಗಿದರು, "ನಿನಗೆ ಒಯ್ಯಲಿಕ್ಕೆ ಉಪ್ಪಿನಕಾಯಿ ಹಾಕಿ ಇಡಿಸಿದ್ದೇನೆ, ಮರೀಬೇಡ."

"ಆಯ್ತು ಅತ್ತೆ" ಎಂದು ಅವಳು ಚೀಲದ ಜಿಪ್ ಎಳೆದಳು.